ಇಳಿಯುವ ದಾರಿ ಆ ಕಡೆ

"ಹಿಂದಕ್ಕೆ ವಾಲಿಸು ಭಾವ, ಹಿಂದಕ್ಕೆ! ತಲೆ ಮುಂದಕ್ಕೆ ಬಿದ್ರೆ ಗೊತ್ತಾಗಿಬಿಡುತ್ತೆ" ಎಂದ ಭಾಮೈದ.

ಡೋಲಿಯವನು ಹೆಂಡತಿಯ ಹಣೆಯನ್ನು ಅಂಗೈಯಲ್ಲಿ ಒತ್ತಿಹಿಡಿದು, ಹಳೇ ಸೀರೆಯನ್ನು ಅವಳ ಎದೆಯ ಸುತ್ತ ತಂದು ಕುರ್ಚಿಯ ಬೆನ್ನಿಗೆ ಬಿಗಿದ. ಎಂತೆಂಥವರನ್ನೋ ಬಿದಿರಿಗೆ ಕಟ್ಟಿದ ಇದೇ ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ಗುಡಿಯ ಬೆಟ್ಟ ಹತ್ತಿಸಿದವನು. ಗಂಟನ್ನು ಎಳೆದು ನೋಡಿ ಮೇಲೊಂದು ಗಂಟು ಹಾಕಿದ. ನಿನ್ನೆಯೆಲ್ಲ ಕೊರಡಿನ ಹಾಗೆ ಸೆಟೆದುಕೊಂಡಿದ್ದ ಮೈ ಇವತ್ತು ಸಡಿಲವಾಗಿತ್ತು. ಅದಕ್ಕೇ, ಬೆಟ್ಟ ಹತ್ತುವವಳ ಹಾಗೆ ಡೋಲಿಯಲ್ಲಿ ಕೂರಿಸಿ ಸಾಗಿಸುವ ಈ ಉಪಾಯ ಹೊಳೆದದ್ದು.

ಹೊಳೆದದ್ದೇನು ಬಂತು, ಬೇರೆ ಗತಿಯಿರಲಿಲ್ಲ. ನಿನ್ನೆ ಬೆಳಗಿನ ಜಾವ, ಲಾಡ್ಜಿನ ಹಿಂದಿನ ಶೆಡ್ಡಿನಲ್ಲಿ, ಯಾತ್ರಿಕರ ಸ್ನಾನಕ್ಕೆ ನೀರು ಕಾಯಿಸುವ ಹಂಡೆಯ ಮುಂದೆ ಅವಳು ಕೂತಲ್ಲೇ ಹೋಗಿಬಿಟ್ಟಿದ್ದಳು. ಸುಡುಗಾಡಿರುವುದು ಹೊಳೆಯ ದಂಡೆಯಲ್ಲಿ. ಅಲ್ಲಿಗೆ ಹೋಗುವ ಹಿಂದಿನ ದಾರಿಯ ಸೇತುವೆ ಮಳೆಗಾಲದಲ್ಲಿ ಕೊಚ್ಚಿಹೋದದ್ದನ್ನು ಇನ್ನೂ ಯಾರೂ ಕಟ್ಟಿರಲಿಲ್ಲ. ಉಳಿದದ್ದು ಬಜಾರಿನ ಬೀದಿ ಒಂದೇ. ಅದರ ತುಂಬ ಬೆಟ್ಟ ಹತ್ತುವ ಜನ. ಜನ ಕರಗುವವರೆಗೆ ಆ ಬೀದಿಯಲ್ಲಿ ಹೆಣ ಸಾಗಿಸಕೂಡದೆಂದು ಗುಡಿಯ ಕಮಿಟಿಯವರ ಕಟ್ಟಪ್ಪಣೆ. ಕಾಲಿಗೆ ಬಿದ್ದು ಕೇಳಿದ್ದಕ್ಕೆ, ಇನ್ನೆರಡು ದಿನ ತಡಕೋ, ಗಾಡಿ ಕಳಿಸ್ತೀವಿ ಎಂದಿದ್ದರು. ಈ ಬಿಸಿಲಲ್ಲಿ ಎರಡು ದಿನ!

ಲಾಡ್ಜಿನ ಮ್ಯಾನೇಜರ್ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದ. "ನೋಡಪ್ಪ, ನಾನೇನು ಕಲ್ಲಲ್ಲ. ಆದ್ರೆ ಮೇಲಿನ ರೂಮಿನವರು ಆಗಲೇ ಎರಡು ಸಲ ಕೇಳಿದ್ರು, ಏನೋ ವಾಸನೆ ಅಂತ. ಸೀಸನ್ ಟೈಮಲ್ಲೇ ಹೀಗಾಗ್ಬೇಕಾ?"

"ಅವಳನ್ನೇ ಕೇಳಿ ಸ್ವಾಮಿ, ಇಲ್ಲೇ ಕೂತಿದಾಳಲ್ಲ" ಎಂದ ಡೋಲಿಯವನು.

ಮ್ಯಾನೇಜರ್ ಒಳಗೆ ಹೋದ. ಮಗಳು ಅಮ್ಮನ ತಲೆಗೆ ಸೆರಗು ಹೊದಿಸಿ, ಗಲ್ಲದವರೆಗೆ ಶಾಲು ಸುತ್ತಿದಳು.

* * *

ಊರಿನವರೆಲ್ಲ ಅವಳನ್ನು 'ಬಿಸಿನೀರಮ್ಮ' ಎಂದೇ ಕರೆಯುತ್ತಿದ್ದರು. ನೀರಿಗಿಂತ ಬಾಯಿ ಬಿಸಿ. ಒಮ್ಮೆ ದಪ್ಪನೆಯ ಯಾತ್ರಿಕನೊಬ್ಬ ಬಕೆಟ್ಟಿನಲ್ಲಿ ಬೆರಳದ್ದಿ, "ಇದೇನಮ್ಮ, ಕುದ್ದೇ ಇಲ್ಲ" ಎಂದು ಗೊಣಗಿದ. "ಸ್ನಾನಕ್ಕೆ ತಾನೇ ಸ್ವಾಮಿ? ಕುದಿಸೋಕೆ ನೀವೇನು ಆಲೂಗಡ್ಡೆನಾ?" ಎಂದಳು. ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆತನೂ ನಕ್ಕ, ಪಾಪ.

ಸಂಜೆ ಗಂಡ ಬೆಟ್ಟದಿಂದ ಇಳಿದು ಬಂದರೆ ಹಂಡೆಯ ತಳದ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಅವನ ಹೆಗಲಿಗೆ ಶಾಖ ಕೊಡುತ್ತಿದ್ದಳು. ಅದೂ ಬೈದುಕೊಂಡೇ. ಬೈಗುಳ ನಿಂತ ದಿನ ಅವನಿಗೆ ಭಯವಾಗುತ್ತಿತ್ತು.

ಈ ಸಲ ಸೀಸನ್ ಶುರುವಾದಾಗ ಅಂಥದೊಂದು ದಿನ ಬಂತು. ಸುಮ್ಮನೆ ಕೂತಿದ್ದಳು. ಏನೇ ಅಂದದ್ದಕ್ಕೆ, ಎದೆ ಹಿಂಡಿದ ಹಾಗಾಗುತ್ತೆ ಎಂದಳು. ಅವನು ಅಂಗಿ ತೊಟ್ಟು ನಿಂತ. "ನಡಿ, ದೊಡ್ಡಾಸ್ಪತ್ರೆಗೆ ಹೋಗಿಬರೋಣ."

"ಈಗಲಾ? ನೀವು ಡೋಲಿ ಬಿಟ್ಟು, ನಾನು ಹಂಡೆ ಬಿಟ್ಟು ಹೋದ್ರೆ ನಿಮ್ಮಪ್ಪ ಎದ್ದು ಬಂದು ನೀರು ಕಾಯಿಸ್ತಾರಾ? ಸೀಸನ್ ಮುಗೀಲಿ."

ಬೈದಳಲ್ಲ, ಸದ್ಯ ಎಂದುಕೊಂಡ. ಆ ಊರಿನಲ್ಲಿ ಎಲ್ಲದಕ್ಕೂ ಅದೇ ಮಾತು. ಮದುವೆ, ಗೋಡೆಗೆ ಸುಣ್ಣ, ಹಲ್ಲುನೋವು, ಗಂಡಹೆಂಡಿರ ಜಗಳ, ಎಲ್ಲವೂ ಸೀಸನ್ ಮುಗಿದ ಮೇಲೆ. ಅವನು ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸಿದ. ರಟ್ಟೆ ಹಿಡಿದು ಎಳೆದುಕೊಂಡಾದರೂ ಹೋಗಬೇಕಿತ್ತು. ಹೋಗಲಿಲ್ಲ.

* * *

ಮುಂದೆ ಡೋಲಿಯವನು ಮತ್ತು ಭಾಮೈದ. ಹಿಂದೆ ಊರವರು 'ಜೋಡೆತ್ತು' ಎಂದು ಕರೆಯುವ ಅಣ್ಣತಮ್ಮಂದಿರು. ನಾಲ್ವರೂ ಹೆಗಲು ಕೊಟ್ಟು ಎದ್ದರು. ಮಗಳು ಪಕ್ಕದಲ್ಲಿ ಅಮ್ಮನ ಕೈ ಹಿಡಿದು ನಡೆದಳು.

ಯಾತ್ರಿಕರಿಗೆ ಏನೂ ತಿಳಿಯಲಿಲ್ಲ. ಊರವರಿಗೆ ಎಲ್ಲ ತಿಳಿದಿತ್ತು. ಚಪ್ಪಲಿ ಕಾಯುವವನು ಎದ್ದು ನಿಂತು ತಲೆಯ ಮೇಲಿನ ಟವೆಲ್ ತೆಗೆದ. ಊರುಗೋಲು ಬಾಡಿಗೆಗೆ ಕೊಡುವವಳು ಗಿರಾಕಿಯ ಕಡೆ ನೋಡುತ್ತಲೇ ಕಣ್ಣೊರೆಸಿಕೊಂಡಳು. ಚಹಾದಂಗಡಿಯವನು ಸ್ಟೌವಿನ ಉರಿ ತಗ್ಗಿಸುವ ನೆಪದಲ್ಲಿ ಬಗ್ಗಿ, "ಹೋಗ್ಬಾ ಅಕ್ಕ" ಎಂದ. ಅಷ್ಟೇ ಅವಳ ಮೆರವಣಿಗೆ.

"ಓಣಿ ಬಂತು ಭಾವ" ಎಂದ ಭಾಮೈದ.

ಮೆಟ್ಟಿಲು ಶುರುವಾಗುವಲ್ಲಿ ಎಡಕ್ಕೆ ಹೊಳೆಯ ಓಣಿ. ಅಲ್ಲಿ ಹೊರಳಿಕೊಂಡರೆ ಗೆದ್ದ ಹಾಗೆ. ಆದರೆ ಓಣಿಯ ಬಾಯಿಗೆ ಕಬ್ಬಿಣದ ಬೇಲಿ ಬಿದ್ದಿತ್ತು. ಬೆಳಿಗ್ಗೆ ಅವನು ನೋಡಿಹೋದಾಗ ಇರಲಿಲ್ಲ. ಬೇಲಿಯಾಚೆ ಒಬ್ಬ ಸ್ವಯಂಸೇವಕ ಸೀಟಿ ಊದುತ್ತಿದ್ದ.

"ಸ್ವಲ್ಪ ಸರಿಸಿ ಸ್ವಾಮಿ, ಅರ್ಜೆಂಟಿದೆ."

"ಇಲ್ಲಿ ಯಾರಿಗಿಲ್ಲ ಅರ್ಜೆಂಟು? ಒಂದು ಕಡೆ ಬಿಟ್ರೆ ಎಲ್ಲರೂ ನುಗ್ತಾರೆ. ಒಳಗೆ ಬಂದವರು ಹತ್ತಲೇಬೇಕು ಯಜಮಾನ್ರೆ. ಇಳಿಯೋ ದಾರಿ ಆ ಕಡೆ, ಮೇಲೆ ಗುಡಿ ಹಿಂದೆ. ಸೀದಾ ಹೊಳೆ ಹತ್ರ ಬಿಡುತ್ತೆ. ನಡೀರಿ, ನಡೀರಿ!"

ಹಿಂದಿನ ಜನ ದೂಡಿದರು. ಡೋಲಿ ತಾನಾಗಿಯೇ ಮೊದಲ ಮೆಟ್ಟಿಲ ಬಳಿ ಬಂದಿತ್ತು.

"ಹೇಳಿಬಿಡೋಣ ಭಾವ" ಎಂದು ಭಾಮೈದ ಪಿಸುಗುಟ್ಟಿದ. "ಹೆಣ ಅಂದ್ರೆ ತಾವಾಗೇ ದಾರಿ ಬಿಡ್ತಾರೆ."

ಡೋಲಿಯವನು ಹೊರಳಿ ನೋಡಿದ. ತಲೆಗಳು, ಬರೀ ತಲೆಗಳು. ಹೆಗಲ ಮೇಲೆ ಕೂಸುಗಳು. ಹಿಂದೊಮ್ಮೆ ಇದೇ ಮೆಟ್ಟಿಲ ಮೇಲೆ ಯಾರೋ ಹಾವು ಅಂತ ಕೂಗಿದ್ದರು. ಹಾವೂ ಇರಲಿಲ್ಲ, ಹುಳವೂ ಇರಲಿಲ್ಲ. ಆವತ್ತು ತುಳಿತಕ್ಕೆ ಸಿಕ್ಕವರನ್ನು ಹೊತ್ತು ಇಳಿಸಿದವನು ಅವನೇ.

"ಬಾಯಿ ಮುಚ್ಕೊಂಡು ಹತ್ತು" ಎಂದ.

"ಅಷ್ಟು ದೂರ ಅಕ್ಕನ್ನ ಹೇಗೆ ಭಾವ? ನಡುವೆ ಯಾರಾದ್ರೂ ನೋಡಿದ್ರೆ ನಮ್ಮನ್ನ ಹುಟ್ಟಿಲ್ಲ ಅನ್ನಿಸಿಬಿಡ್ತಾರೆ."

"ಹತ್ತು ಅಂದ್ನಲ್ಲ!"

ಹತ್ತಿದರು. ಬಿಸಿಲು ನೆತ್ತಿಗೆ ಬಂದಿತ್ತು. ಡೋಲಿಯವನಿಗೆ ದೇವರ ಮೇಲೆ, ಕಮಿಟಿಯ ಮೇಲೆ, ತನ್ನ ಮೇಲೆ ಕಡುಕೋಪ ಬಂತು. ಅವಳ ಮೇಲೂ ಬಂತು. ಇದ್ದಿದ್ದರೆ ಈಗ ಎಲ್ಲರ ಜನ್ಮ ಜಾಲಾಡಿ ದಾರಿ ಬಿಡಿಸುತ್ತಿದ್ದಳು. ಸುಮ್ಮನೆ ಕೂತಿದ್ದಾಳೆ, ಏನೂ ಗೊತ್ತಿಲ್ಲದವಳ ಹಾಗೆ. ಬೆವರು ಯಾವುದು ಕಣ್ಣೀರು ಯಾವುದು ಎಂದು ಅವನಿಗೇ ತಿಳಿಯುತ್ತಿರಲಿಲ್ಲ.

ದಣಿವಾರಿಸಿಕೊಳ್ಳುವ ಮೊದಲ ಕಟ್ಟೆಯಲ್ಲಿ ಜನ ನಿಂತುಬಿಟ್ಟರು. ಮುಂದೆ ಸಾಲು ಕದಲುತ್ತಿರಲಿಲ್ಲ. ಡೋಲಿ ಇಳಿಸಲೇಬೇಕಾಯಿತು. ಇಳಿಸಿದ್ದೇ ತಡ, ನೊಣಗಳು ಬಂದವು. ಮಗಳು ಕೈಯಾಡಿಸಿದಳು. ಮತ್ತೆ ಬಂದವು.

"ಅಲ್ರೀ, ನಿಮಗೆ ಬುದ್ಧಿ ಇದೆಯಾ?" ಪಕ್ಕದಲ್ಲಿ ಏದುಸಿರು ಬಿಡುತ್ತ ಕೂತಿದ್ದ ಯಾತ್ರಿಕ ಹೆಂಗಸೊಬ್ಬಳು ದನಿಯೆತ್ತಿದಳು. "ಈ ಸೆಕೆಯಲ್ಲಿ ವಯಸ್ಸಾದವರಿಗೆ ಶಾಲು ಸುತ್ತಿದೀರಲ್ಲ! ಉಸಿರು ಕಟ್ಟಲ್ವಾ?"

"ಬೇಡಮ್ಮ, ಮಲಗಿದಾರೆ" ಎಂದಳು ಮಗಳು.

"ಮಲಗಿರೋದಲ್ಲ, ಎಚ್ಚರ ತಪ್ಪಿರಬೇಕು. ಸರಿ ಆ ಕಡೆ."

ಹೆಂಗಸು ಬಾಟಲಿಯ ನೀರಿನಲ್ಲಿ ಕರವಸ್ತ್ರ ನೆನೆಸಿಕೊಂಡು ಬಂದೇಬಿಟ್ಟಳು. ಡೋಲಿಯವನು ಅಡ್ಡ ಬರುವಷ್ಟರಲ್ಲಿ ಸೆರಗು ಸರಿಸಿ ಹಣೆ ಒರೆಸಿದಳು. ಕೆನ್ನೆ ಒರೆಸಿದಳು. ಕತ್ತಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು.

ಭಾಮೈದ ಕಣ್ಣು ಮುಚ್ಚಿಕೊಂಡ. ಮುಗೀತು ಕತೆ, ಈಗ ಕಿರುಚುತ್ತಾಳೆ ಎಂದುಕೊಂಡ ಡೋಲಿಯವನು. ಅವನ ಎರಡೂ ಕೈ ತಾವಾಗಿಯೇ ಜೋಡಿಕೊಂಡವು. "ತಾಯಿ, ಹೊಳೆಗೆ ಹೋಗ್ಬೇಕಿತ್ತು... ಬೇಲಿ ಹಾಕ್ಬಿಟ್ರು..."

ಹೆಂಗಸು ಅವನನ್ನು ನೋಡಿದಳು. ಮಗಳನ್ನು ನೋಡಿದಳು. ಕೆಳಗೆ ಮೆಟ್ಟಿಲುಗಳ ಉದ್ದಕ್ಕೂ ಒತ್ತಿಕೊಂಡು ನಿಂತ ಜನರನ್ನು ನೋಡಿದಳು. ಅವಳ ಮುಖದ ಬಣ್ಣ ಇಳಿದಿತ್ತು.

"ಏನಾಯ್ತಂತೆ ಅಜ್ಜಿಗೆ?" ಹಿಂದಿನಿಂದ ಯಾರೋ ಕೇಳಿದರು.

"ಏನಿಲ್ಲ" ಎಂದಳು ಆ ಹೆಂಗಸು. "ಬಿಸಿಲಿಗೆ ಸುಸ್ತಾಗಿದೆ ಅಷ್ಟೆ."

ಕತ್ತಿನ ಬೆವರೊರೆಸುವವಳ ಹಾಗೆ ಒರೆಸಿ ಮುಗಿಸಿದಳು. ಸೆರಗನ್ನು ಮೊದಲಿಗಿಂತ ಕೆಳಗೆ ಎಳೆದಳು. ತನ್ನ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಡೋಲಿಯ ಇನ್ನೊಂದು ಮಗ್ಗುಲಿಗೆ ಬಂದು ನಿಂತಳು.

"ಎತ್ತಿ" ಎಂದಳು ಡೋಲಿಯವನಿಗೆ, ಮೆಲ್ಲಗೆ.

ಎತ್ತಿದರು. ಅವಳು ಮುಂದಿನ ಸಾಲಿಗೆ ಕೇಳುವ ಹಾಗೆ, "ಜರುಗ್ರೀ, ದಾರಿ ಬಿಡ್ರೀ, ನಮ್ಮಮ್ಮನಿಗೆ ಸುಸ್ತಾಗಿದೆ" ಎಂದು ಕೂಗಿದಳು. ಜನ ಗೋಡೆಗೆ ಒತ್ತಿಕೊಂಡು ಜರುಗಿದರು. ಕಡಿದಾದ ಮೆಟ್ಟಿಲುಗಳಲ್ಲಿ ಅವಳು ಮೇಲುಸಿರು ಬಿಡುತ್ತ, ಒಂದು ಕೈಯಲ್ಲಿ ಡೋಲಿಯ ಬಿದಿರು ಹಿಡಿದು, ಇನ್ನೊಂದು ಕೈಯಿಂದ ತನ್ನ ಸೀರೆಯ ಸೆರಗಿನಲ್ಲಿ ಬಿಸಿನೀರಮ್ಮನ ಮುಖದ ಮೇಲಿನ ನೊಣಗಳನ್ನು ಬೀಸಿ ಓಡಿಸುತ್ತ ಹತ್ತುತ್ತಿದ್ದಳು.