ಕಿಡಿಯ ಹಾಸಿಗೆ

ಹೆಣ ಎತ್ತಿದ್ದೇ ತಡ, ಸತ್ತವನ ಅಣ್ಣ ಹಾಸಿಗೆಯನ್ನು ಒದ್ದು ಹೊರಗೆ ತಳ್ಳಿದ. ಉಚ್ಚೆಯ ನಾತ ಬೀದಿವರೆಗೂ ಹೋಯಿತು.

"ಸಾಯೋವಾಗ್ಲಾದ್ರೂ ನನ್ನ ತಮ್ಮನಿಗೆ ಒಣ ಹಾಸಿಗೆ ಕೊಡ್ಲಿಲ್ವಲ್ಲೇ! ಇವಳ ಪಕ್ಕ ಹೇಗೆ ಮಲಗಿದ್ನೋ ಪುಣ್ಯಾತ್ಮ!"

ಸತ್ತವನು ಗೇಟು, ಕಿಟಕಿ ಮಾಡುವ ವೆಲ್ಡರ್. ಸಿಟ್ಟು ಮೂಗಿನ ತುದಿಯಲ್ಲೇ ಇದ್ದದ್ದರಿಂದ ಬೀದಿಗೆಲ್ಲ 'ಕಿಡಿ'. ಕಿಡಿಯ ಹೆಂಡತಿ ಹಾಸಿಗೆ ಒದ್ದೆ ಮಾಡುತ್ತಾಳೆ, ಅದಕ್ಕೇ ಒದೆ ತಿನ್ನುತ್ತಾಳೆ ಅನ್ನುವುದೂ ಬೀದಿಗೆಲ್ಲ ಗೊತ್ತಿತ್ತು. ಒದೆ ತಿನ್ನಲಿ ಬಿಡು ಅಂದುಕೊಂಡು ಸುಮ್ಮನಿದ್ದರು, ದೊಡ್ಡ ಮನುಷ್ಯರು!

ಅವಳು ಭಾವನ ಕಡೆ ತಿರುಗಲೇ ಇಲ್ಲ. ಬಾಗಿಲ ಬಳಿಯ ಸೊಸೆಯನ್ನು ನೋಡುತ್ತಿದ್ದಳು. ಸೊಸೆಯ ಎಡಗಣ್ಣು ಊದಿ ಮುಚ್ಚಿಹೋಗಿತ್ತು.

"ಏನಮ್ಮಾ ಇದು?"

"ಹಾಸಿಗೆ ಒದ್ದೆ ಆಗಿತ್ತು. ನಂದೇ ತಪ್ಪು ಅತ್ತೆ," ಎಂದಳು ಸೊಸೆ, ಗಂಡನತ್ತ ಕಳ್ಳನೋಟ ಹರಿಸುತ್ತ.

ಅತ್ತೆ ಆ ಮಾತನ್ನು ಗುರುತಿಸಿದಳು. ಅದು ತನ್ನದೇ ಹಳೇ ಸುಳ್ಳು.

*

ಮೊದಲ ಸಲ ಕಿಡಿ ಹಾಸಿಗೆ ಒದ್ದೆ ಮಾಡಿದಾಗ ಅವಳು "ಡಾಕ್ಟರಿಗೆ ತೋರಿಸೋಣ" ಅಂದಿದ್ದಳು, ಅಷ್ಟೇ. ಕಬ್ಬಿಣದ ಸರಳು ಬೀಸಿ ಬಂದು ಮೊಣಕೈ ಮುರಿಯಿತು. ಕೂಗಿಗೆ ಓಡಿಬಂದ ತನ್ನ ಅಣ್ಣನಿಗೆ ಕಿಡಿ, "ನೋಡು ಇವಳ ಕೆಲಸ!" ಎಂದ. ಸರಳು ಇನ್ನೂ ಕೈಯಲ್ಲೇ ಇತ್ತು. ಅವಳು ಹೌದೆಂದು ತಲೆಯಾಡಿಸಿದಳು.

ಕೊನೆಗೆ ಅವನ ಕಾಲು ಕೊಳೆತು ಆಸ್ಪತ್ರೆ ಸೇರಿದಾಗ ಡಾಕ್ಟರಮ್ಮನಿಗೆ ಎಲ್ಲ ಹೇಳಿದಳು.

"ಸಕ್ಕರೆ ಕಾಯಿಲೆ ಕಣಮ್ಮಾ. ವಿಪರೀತ ಏರಿದ್ರೆ ನಿದ್ದೇಲಿ ಮೂತ್ರ ಹೋಗಿದ್ದೇ ಗೊತ್ತಾಗಲ್ಲ. ಆಗಲೇ ಬಂದಿದ್ರೆ ಕಾಲೂ ಉಳೀತಿತ್ತು. ಮಗನಿಗೂ ಬರಬಹುದು, ಒಮ್ಮೆ ತೋರಿಸಿ," ಎಂದರು ಅವರು, ಕಿಡಿಯನ್ನು ಮನೆಗೆ ಕಳಿಸುವಾಗ.

*

"ಒದ್ದೆ ಮಾಡ್ತಿದ್ದಿದ್ದು ನಾನಲ್ಲ," ಎಂದಳು, ಹೆಣ ಹೊತ್ತವರಿಗೂ ಕೇಳುವ ಹಾಗೆ. "ಇವರು. ಅದು ಕಾಯಿಲೆ. ಈಗ ನನ್ನ ಮಗನಿಗೂ ಬಂದಿರಬಹುದು."

"ಬಾಯಿ ಮುಚ್ಚೇ!" ಮಗ ನುಗ್ಗಿ ಬಂದು ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಇಷ್ಟು ಹೊತ್ತು ಹಾರಾಡುತ್ತಿದ್ದ ದೊಡ್ಡಪ್ಪ ಬೆಪ್ಪಾಗಿ ನಿಂತ.

"ಕೊಂದ್ಹಾಕು," ಉಸಿರು ಕಟ್ಟುತ್ತಿತ್ತು ಅವಳಿಗೆ. "ಆದ್ರೆ ನಿಮ್ಮಪ್ಪನ ಹಾಗೆ ಕೊಳೆತು ಸಾಯಬೇಡ ಮಗನೇ. ಡಾಕ್ಟರ ಹತ್ರ ಹೋಗು."

ಮಗನ ಹಿಡಿತ ಸಡಿಲಾಯಿತು. ಮುಷ್ಟಿ ತಿರುಗಿಸಿ ಕಿಟಕಿಗೆ ಗುದ್ದಿದ. ಗಾಜು ಪುಡಿಯಾಗಿ, ರಕ್ತ ಮೊಣಕೈವರೆಗೆ ಇಳಿಯಿತು. ಅಲ್ಲೇ ಕುಸಿದು ಅಳತೊಡಗಿದ.

"ಅಮ್ಮಾ, ಅದಕ್ಕೆ ಔಷಧಿ ಇದೆಯಾ?"

"ಇದೆ ಕಣೋ."

ಅವನು ಮುಖ ಒರೆಸಿಕೊಂಡು ಎದ್ದ. ಹೆಂಡತಿಯ ಹತ್ತಿರ ಹೋದ. "ನೀನೂ ಬರ್ತೀಯಾ ನನ್ನ ಜೊತೆ?" ಎಂದು ಮೆಲ್ಲಗೆ ಕೈ ಚಾಚಿದ.

ಅವಳು ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿಕೊಂಡಳು.