ಇಳಿಸಿದ ನೀಲಿ ಬಾವುಟ

ನಮ್ಮ ಕ್ಯಾಪ್ಟನ್ ಥ್ರೆಲ್‌ಫಾಲ್ ಅವರಿಗೆ ಹೆಂಡತಿ ಮಕ್ಕಳಿಗಿಂತ ನೀಲಿ ಬಾವುಟವೇ ಹೆಚ್ಚು ಎಂದು ಲಿವರ್‌ಪೂಲ್ ಬಂದರಿನವರೆಲ್ಲ ಆಡಿಕೊಳ್ಳುತ್ತಿದ್ದರು. ನಮ್ಮ ದೇಶದ ಸರಕಿನ ಹಡಗುಗಳೆಲ್ಲ ಕೆಂಪು ಬಾವುಟ ಹಾರಿಸಬೇಕು. ಕ್ಯಾಪ್ಟನ್ ಯುದ್ಧ ಬಂದರೆ ಕರೆಸಿಕೊಳ್ಳುವ ನೌಕಾಪಡೆಯ ಮೀಸಲು ದಳದವರಾಗಿದ್ದು, ಜೊತೆಗೆ ಹತ್ತು ಮಂದಿ ಮೀಸಲಿನವರು ಹಡಗಿನಲ್ಲಿದ್ದರೆ ಮಾತ್ರ ನೀಲಿಗೆ ಅಪ್ಪಣೆ. ನಮ್ಮಲ್ಲಿ ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ, ಎರಡನೆಯ ಮೇಟ್ ಆದ ನನ್ನನ್ನೂ ಸೇರಿಸಿ ಸರಿಯಾಗಿ ಹತ್ತೇ ಜನ. ಆ ಬಾವುಟಕ್ಕೆ ಅವರು ಬೇರೆ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ. ಬೆಳಿಗ್ಗೆ ಏರಿಸುವುದೂ ಸಂಜೆ ಇಳಿಸಿ ಮಡಚುವುದೂ ಅವರೇ.

ಮೀಸಲಿನವರು ವರ್ಷ ವರ್ಷವೂ ನಾಲ್ಕು ವಾರ ಕವಾಯತಿಗೆ ಹೋಗಬೇಕು. ನಾನು ಎರಡು ವರ್ಷ ಹೋಗಲಿಲ್ಲ. ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ, ಶುದ್ಧ ಸೋಮಾರಿತನ. ಮೀಸಲಿನ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದ್ದೇವೆಂದು ಬಂದ ಕಾಗದವನ್ನು ಪೆಟ್ಟಿಗೆಯ ತಳಕ್ಕೆ ತುರುಕಿದೆ.

ಸಿಡ್ನಿಗೆ ಹೊರಡುವ ಮುನ್ನ ಕ್ಯಾಪ್ಟನ್ ಕೇಳಿದರು: "ಕಾಸ್ಟೇನ್, ಈ ಸಲದ ಕವಾಯತು ಮುಗಿಸ್ಕೊಂಡ್ಯೇನಯ್ಯ?"

"ಓ, ಆಯ್ತಲ್ಲ ಸಾರ್!" ಅಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ, ಹಾಳಾದ್ದು.

ಸಿಡ್ನಿಯಲ್ಲಿ ಲಂಗರು ಹಾಕಿದ ಮರುದಿನವೇ ಅಲ್ಲಿದ್ದ ನಮ್ಮ ನೌಕಾಪಡೆಯ ಯುದ್ಧನೌಕೆಯಿಂದ ಒಬ್ಬ ಅಧಿಕಾರಿ ದೋಣಿಯಲ್ಲಿ ಬಂದ. ಸರಕಿನ ಹಡಗಿನ ಮೇಲೆ ನೀಲಿ ಕಂಡರೆ ಹತ್ತಿ ಪರೀಕ್ಷಿಸುವ ಹಕ್ಕು ಅವರಿಗಿದೆ. ಕ್ಯಾಪ್ಟನ್ ಖುಷಿಯಿಂದಲೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಅಪ್ಪಣೆ ಪತ್ರ ತೋರಿಸಿದರು. ಆತ ತನ್ನ ಪಟ್ಟಿಯೊಂದಿಗೆ ಹೆಸರುಗಳನ್ನು ತಾಳೆ ನೋಡುತ್ತ ಬಂದು ನನ್ನ ಮುಂದೆ ನಿಂತ.

"ಇವರ ಹೆಸರು ಹೋದ ವರ್ಷಾನೇ ಹೊಡೆದುಹಾಕಿದೆ. ಮನೆಗೆ ಕಾಗದಾನೂ ಹೋಗಿದೆ. ನಿಮ್ಮಲ್ಲಿರೋದು ಒಂಬತ್ತೇ ಜನ, ಕ್ಯಾಪ್ಟನ್."

'ಇವನೇ ನನಗೆ ಸುಳ್ಳು ಹೇಳಿದ' ಎಂದು ಕ್ಯಾಪ್ಟನ್ ಒಂದು ಮಾತು ಆಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ನನ್ನ ಕಡೆ ನೋಡಿದರು. ಅವರ ಮುಖ ಕಿವಿಯವರೆಗೂ ಕೆಂಪೇರಿತು.

"ಎಣಿಸಿದ್ದು ನಾನು. ತಪ್ಪು ನಂದೇ," ಅಂದರು.

ನಾನು ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಎಲ್ಲರೆದುರು, ಮಟಮಟ ಮಧ್ಯಾಹ್ನ, ಅವರೇ ಬಾವುಟ ಇಳಿಸಿದರು. ಪಕ್ಕದ ಹಡಗಿನ ಅಡುಗೆಯವನು ಕೂಗಿದ: "ಏನ್ ದೊರೆಗಳೇ, ನೀಲಿ ಬಟ್ಟೆ ಒಗೆಯೋಕೆ ಹಾಕಿದ್ರಾ?" ಕೆಂಪು ಮೇಲೇರಿತು.

ಕ್ಯಾಪ್ಟನ್ ಎಂದಿನಂತೆಯೇ ನೀಲಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದರು. ಯಾರಿಗೂ ಮುಟ್ಟಗೊಡದಿದ್ದ ಅದನ್ನು ತಂದು ನನ್ನ ಕೈಗೇ ಕೊಟ್ಟರು.

"ತಗೊಳ್ಳಪ್ಪ. ಆ ಕಾಗದ ಎಲ್ಲಿಟ್ಟಿದ್ದೀಯೋ, ಇದನ್ನೂ ಅಲ್ಲೇ ಇಡು."