ಅನುಮಾನದಕ್ಕನ ಶಾಯಿ

ಪುಸ್ತಕವೊಂದು ಕೈಗೆ ಬಂದರೆ ಎಲ್ಲರೂ ಮೊದಲು ಮುನ್ನುಡಿಯನ್ನು ತೆರೆಯುತ್ತಾರೆ. ಅಕ್ಕ ಮೊದಲು ಮುನ್ನುಡಿಯ ಬಾಯಿ ಮುಚ್ಚುತ್ತಿದ್ದರು. ಒಗೆದ ಬಟ್ಟೆ ಹಾರದಂತೆ ತಂತಿಗೆ ಸಿಕ್ಕಿಸುತ್ತಾರಲ್ಲ, ಅಂಥ ಮರದ ಕ್ಲಿಪ್ಪುಗಳು ಆಕೆಯ ಕೋಟಿನ ಬಲಜೇಬಿನಲ್ಲಿ ಸದಾ ಹತ್ತೋ ಹನ್ನೆರಡೋ ಇರುತ್ತಿದ್ದವು. ಹೆಂಗಸೊಬ್ಬಳು ಬರೆದ ಹಳೆಯ ಪುಸ್ತಕ ಮೇಜಿಗೆ ಬಂತೆಂದರೆ ಸಾಕು, ಗಂಡನೋ ಅಣ್ಣನೋ ಗುರುಗಳೋ ಬರೆದ ಆ ಮೊದಲ ಹಾಳೆಗಳನ್ನೆಲ್ಲ ಒಟ್ಟುಗೂಡಿಸಿ ಚಟ್ಟೆಂದು ಕ್ಲಿಪ್ಪು ಹಾಕಿ, "ನೀವು ಸ್ವಲ್ಪ ಸುಮ್ಮನಿರಿ ಸ್ವಾಮಿ, ಮೊದಲು ಆಯಮ್ಮ ಮಾತಾಡ್ಲಿ" ಎಂದು ಆ ಹಾಳೆಗಳಿಗೇ ಹೇಳಿ ಓದಲು ಕೂರುತ್ತಿದ್ದರು. ಪುಸ್ತಕ ಮುಗಿಸಿ ಕ್ಲಿಪ್ಪು ತೆಗೆದು ಮುನ್ನುಡಿ ಓದುವಾಗ ಆಕೆಯ ಮುಖ ನೋಡಬೇಕಿತ್ತು. ಜೇಬು ತಪಾಸಣೆ ಮಾಡುವ ಪೊಲೀಸಿನವರಿಗೂ ಅಷ್ಟು ಗಾಂಭೀರ್ಯ ಇರುವುದಿಲ್ಲ.

ಎದುರಿಗೆ ಎಲ್ಲರೂ 'ಅಕ್ಕ' ಎನ್ನುತ್ತಿದ್ದೆವು. ಬೆನ್ನ ಹಿಂದೆ 'ಅನುಮಾನದಕ್ಕ'. ಅದು ಆಕೆಗೂ ಗೊತ್ತಿತ್ತು, ಗೊತ್ತಿರದ ಸಂಗತಿ ಆ ಕಚೇರಿಯಲ್ಲಿ ಯಾವುದಿತ್ತು! ಮೂರನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ನಮ್ಮ ಕೆಲಸ: ಲೇಖಕಿಯರ, ಚಿಂತಕಿಯರ ಬದುಕು ಬರಹಗಳನ್ನು ಹುಡುಕಿ, ಪರಿಶೀಲಿಸಿ, ಒಂದು ಮಹಾಸಂಪುಟವಾಗಿ ತರುವುದು. ಮುನ್ನೂರಹನ್ನೆರಡು ಮಂದಿಯ ಜೀವನವೃತ್ತಾಂತಗಳನ್ನು ಬರೆಯುವವರು ಅಕ್ಕ. ಅಚ್ಚಿಗೆ ಹೋಗುವ ಮೊದಲು ಕರಡು ತಿದ್ದುವವನು ನಾನು. ಆಕೆ ನನ್ನನ್ನು ಕರೆಯುತ್ತಿದ್ದದ್ದು 'ಕರಡಪ್ಪ' ಎಂದು. ಹನ್ನೊಂದು ವರ್ಷ ಎದುರುಬದುರು ಕುಳಿತೆವು, ಹನ್ನೊಂದು ವರ್ಷವೂ ಕಿಟಕಿಯ ಮೇಲೆ ಜಗಳವಾಡಿದೆವು. ನನಗೆ ಗಾಳಿ ಬೇಕು, ಆಕೆಗೆ ಹಾಳೆ ಹಾರಬಾರದು. ಅದಲ್ಲದೆ ನಾನು ಮುನ್ನುಡಿಯನ್ನು ಮೊದಲು ಓದುವ ಪೈಕಿ. ಇಂಥವನು ಆಕೆಯ ವಾಕ್ಯಗಳ ನಡುವೆ ಗುಟ್ಟಾಗಿ ಒಂದೆರಡು ಪದ ಸೇರಿಸದೆ ಬಿಟ್ಟಾನೆಯೇ ಎಂದು ಆಕೆ ನಾನು ತಿದ್ದಿದ ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಆ ಕೋಟು ಯಾವುದೋ ಗಂಡಸಿನ ಅಳತೆಯದು, ಬೂದುಬಣ್ಣದ್ದು, ಎಂಟು ಜೇಬಿನದು. ಒಂದರಲ್ಲಿ ಕ್ಲಿಪ್ಪು, ಒಂದರಲ್ಲಿ ಭೂತಗನ್ನಡಿ, ಒಂದರಲ್ಲಿ ಸೀಸದಕಡ್ಡಿಯ ತುಂಡುಗಳು. ಎದೆಯ ಬಳಿಯ ಒಳಜೇಬಿನಲ್ಲಿ ಮಾತ್ರ ಒಂದೇ ಒಂದು ಶಾಯಿಯ ಪೆನ್ನು. ಬೀದಿಯಲ್ಲಿ ನಡೆಯುವಾಗ ಗೋಡೆಗೆ ಒತ್ತಿಕೊಂಡೇ ನಡೆಯುತ್ತಿದ್ದರು, ಮೂಲೆ ತಿರುಗುವ ಮುನ್ನ ಅರೆಗಳಿಗೆ ನಿಂತು ಕತ್ತು ಮಾತ್ರ ಮುಂದೆ ಚಾಚಿ ಆಚೆ ಇಣುಕುತ್ತಿದ್ದರು. ಯಾರೇ ಏನೇ ಹೇಳಲಿ, ಮಳೆ ಬರುವ ಹಾಗಿದೆ ಎಂದರೂ, ಆಕೆಯ ಬಾಯಿಂದ ಹೊರಡುತ್ತಿದ್ದದ್ದು ಒಂದೇ ಮಾತು: "ಯಾರು ಹೇಳಿದ್ದು?"

'ಗೃಹಕೃತ್ಯದ ಬಿಡುವಿನ ವೇಳೆಯಲ್ಲಿ ರಚಿಸಿದ ಕೃತಿ' ಎಂದು ಒಬ್ಬ ಮಹನೀಯರು ಹೆಂಡತಿಯ ಪುಸ್ತಕಕ್ಕೆ ಮುನ್ನುಡಿ ಬರೆದಿದ್ದರು. ಅಕ್ಕ ಕೆಂಡವಾದರು. "ಬಿಡುವು ಇತ್ತಂತೆ! ಯಾರು ಹೇಳಿದ್ದು? ಆರು ಮಕ್ಕಳ ತಾಯಿಗೆ ಬಿಡುವು ಎಲ್ಲಿಂದ ಬರುತ್ತೆ? ಇವನೇನು ತೊಟ್ಟಿಲು ತೂಗಿದ್ನಾ?" ಇನ್ನೊಮ್ಮೆ ಒಬ್ಬ ಲೇಖಕಿಯ ಮೊಮ್ಮಗ ಅಜ್ಜಿಯ ಭಾವಚಿತ್ರ ತಂದುಕೊಟ್ಟ, ಕೈಯಲ್ಲಿ ಒಂದು ಹೂವು ಹಿಡಿದು ಗಂಡನ ಪಕ್ಕದಲ್ಲಿ ಕುಳಿತ ತಣ್ಣನೆಯ ಚಿತ್ರ. ಅಕ್ಕ ಭೂತಗನ್ನಡಿಯಲ್ಲಿ ಕಾಲುಗಂಟೆ ನೋಡಿ, ನನ್ನ ಮೇಜಿನಿಂದ ಪೆನ್ನು ಎತ್ತಿಕೊಂಡು ಹಿಡಿದು ತೋರಿಸಿದರು. "ಹೂವು ಹಿಡಿಯೋ ಬೆರಳು ಹೀಗಿರಲ್ಲ ಕರಡಪ್ಪ. ಇದು ಪೆನ್ನು ಹಿಡಿದ ಬೆರಳು. ಪೆನ್ನು ಅಳಿಸಿ ಹೂವು ಬರೆಸಿದ್ದಾರೆ." ನಾನು ನಕ್ಕೆ. ಎರಡು ತಿಂಗಳ ಮೇಲೆ ಇನ್ನೊಬ್ಬ ಸಂಬಂಧಿಕರ ಮನೆಯಲ್ಲಿ ಅದೇ ಚಿತ್ರದ ತಿದ್ದದ ಪ್ರತಿ ಸಿಕ್ಕಿತು. ಅದರಲ್ಲಿ ಪೆನ್ನೇ ಇತ್ತು. ಆ ದಿನ ಕಿಟಕಿ ಮುಚ್ಚಿಯೇ ಇರಲಿ ಎಂದು ನಾನೇ ಬಿಟ್ಟುಕೊಟ್ಟೆ.

ಇಷ್ಟು ಅನುಮಾನ ಒಬ್ಬರಿಗೆ ಎಲ್ಲಿಂದ ಬರುತ್ತದೆ? ಆಕೆ ಹೇಳಲಿಲ್ಲ, ನಾನೇ ಹುಡುಕಿದೆ, ಸಹವಾಸದೋಷ. ತಾರುಣ್ಯದಲ್ಲಿ ಆಕೆ ಬರೆದ ಮೊದಲ ಸಂಶೋಧನ ಲೇಖನ ಒಂದು ಹಳೆಯ ಪತ್ರಿಕೆಯಲ್ಲಿ ಅಚ್ಚಾಗಿತ್ತು, ಮಾರ್ಗದರ್ಶಕರ ಹೆಸರಿನಲ್ಲಿ. ಆಕೆಯ ಹೆಸರು ಅಡಿಟಿಪ್ಪಣಿಯಲ್ಲಿತ್ತು, 'ಸಹಕರಿಸಿದವರು' ಎಂದು. ಓದಿ ಮಡಿಸಿಟ್ಟೆ, ಆಕೆಗೆ ಹೇಳಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಆಕೆ ಒಂದು ಶಾಸ್ತ್ರವನ್ನಾಗಿಯೇ ಮಾಡಿಕೊಂಡಿದ್ದರು. ಮನೆಯವರು ಹೇಳಿದ ಮಾತು ಸೀಸದಕಡ್ಡಿಯಲ್ಲಿ. ಸ್ನೇಹಿತರು ಹೇಳಿದ್ದೂ ಸೀಸದಕಡ್ಡಿಯಲ್ಲಿ. ಒಬ್ಬರನ್ನು ಕಂಡರೆ ಒಬ್ಬರಿಗಾಗದ ಇಬ್ಬರು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಹೇಳಿದರೆ ಮಾತ್ರ ಒಳಜೇಬಿನ ಪೆನ್ನು ಹೊರಗೆ ಬರುತ್ತಿತ್ತು. "ಪ್ರೀತಿ ಇರೋರು ಸೇರಿ ಸುಳ್ಳು ಹೇಳ್ತಾರೆ, ಜಗಳ ಇರೋರು ಸೇರೋದೇ ಇಲ್ಲ, ಇನ್ನು ಸುಳ್ಳೆಲ್ಲಿ ಹೇಳ್ತಾರೆ?" ಎಂಬುದು ಆಕೆಯ ತರ್ಕ. ಹಾಗಾಗಿ ಆಕೆ ಊರಿನಲ್ಲೆಲ್ಲ ಹುಡುಕುತ್ತಿದ್ದದ್ದು ಪಂಡಿತರನ್ನಲ್ಲ, ಮಾತು ಬಿಟ್ಟ ವಾರಗಿತ್ತಿಯರನ್ನು.

ಸಂಪುಟದ ಕೊನೆಯ ಭಾಗದಲ್ಲಿದ್ದವರು ಒಬ್ಬ ಹಿರಿಯ ಕಾದಂಬರಿಕಾರ್ತಿ, ಎಂಬತ್ತೆರಡು ವರ್ಷ ಬದುಕಿ ತೀರಿಕೊಂಡವರು. ಮದುವೆಯಾಗದ ಒಬ್ಬಳೇ ಮಗಳು ಜೊತೆಗಿದ್ದರು. ಕೊನೆಯ ಒಂಬತ್ತು ವರ್ಷ ಆ ತಾಯಿಯನ್ನು ಹೊರಗಿನವರು ಯಾರೂ ಕಂಡಿರಲಿಲ್ಲ, ಯಾರೇ ಹೋದರೂ ಬಾಗಿಲಲ್ಲಿ ಮಗಳು, "ಅಮ್ಮ ಮಲಗಿದ್ದಾರೆ." ಆದರೆ ಆ ಒಂಬತ್ತು ವರ್ಷಗಳಲ್ಲೇ ಎರಡು ಪುಸ್ತಕ ಬಂದವು. ಎರಡನೆಯದು ಒಬ್ಬ ಮುದುಕಿಯ ಕೊನೆಯ ದಿನಗಳ ಕಥೆ, ತನ್ನ ಮುಪ್ಪನ್ನು ತಾನೇ ನಿಷ್ಠುರವಾಗಿ ಕಂಡ ಮಹಾಕೃತಿ ಎಂದು ಎಲ್ಲರೂ ಕೊಂಡಾಡಿದ್ದು. ಅಕ್ಕ ಯಾವ ಪುಸ್ತಕವನ್ನು ಓದಿಯೂ ಅತ್ತವರಲ್ಲ. ಇದನ್ನು ಓದಿ ಅತ್ತಿದ್ದರು.

ಹಳೆಯ ಕಾದಂಬರಿಗಳ ಹಸ್ತಪ್ರತಿಯೆಲ್ಲ ಆ ಮನೆಯಲ್ಲಿ ಜೋಪಾನವಾಗಿತ್ತು. ಕೊನೆಯ ಎರಡರದು ಮಾತ್ರ ಒಂದು ಚೂರೂ ಇರಲಿಲ್ಲ. ಅಕ್ಕ ಆರು ಸಲ ಹೋದರು. ಆರು ಸಲವೂ ಮಗಳು ಕಾಫಿ ತಂದಿಟ್ಟು, ಭುಜದ ಮೇಲಿನ ಟವಲಿಗೆ ಕೈ ಒರೆಸುತ್ತ ಬಾಗಿಲ ಬಳಿ ನಿಂತು, ಒಂದೇ ಉತ್ತರ ಹೇಳಿದರು: "ಇಲ್ಲ ಮೇಡಂ." ಯಾಕಿಲ್ಲ? "ಇಲ್ಲ ಅಂದ್ರೆ ಇಲ್ಲ ಮೇಡಂ."

ಅನುಮಾನಕ್ಕೆ ಇನ್ನೇನು ಬೇಕು? ತಂಗಿಯ ಮುಖ ನೋಡಲೂ ಬಿಡಲಿಲ್ಲವೆಂದು ಕುದಿಯುತ್ತಿದ್ದ, ಅದೇ ಬೀದಿಯಲ್ಲಿದ್ದ ಮಗಳ ಸೋದರಮಾವನನ್ನು ಅಕ್ಕ ಹಿಡಿದರು. "ಸುಟ್ಟುಹಾಕಿದಳು ಕಣಮ್ಮಾ. ಸತ್ತ ವಾರಕ್ಕೇ ಹಿತ್ತಲಲ್ಲಿ ಮೂರು ದಿನ ಹೊಗೆ" ಎಂದ ಮಾವ. ಆ ಮಾವನಿಗೂ ಪಕ್ಕದ ಮನೆಯಾಕೆಗೂ ಕಾಂಪೌಂಡು ಗೋಡೆಯ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ಮಾತಿಲ್ಲ. ಆಕೆಯೂ ಅದನ್ನೇ ಹೇಳಿದಳು, ಮೂರು ದಿನ, ಹೊಗೆ, ಕಾಗದದ ಬೂದಿ ತನ್ನ ಒಣಹಾಕಿದ ಬಟ್ಟೆಯ ಮೇಲೆಲ್ಲ. ಆಗದ ಇಬ್ಬರು ಒಂದಾಗಿದ್ದರು. ಒಳಜೇಬಿನ ಪೆನ್ನು ಹೊರಗೆ ಬಂತು: 'ಕೊನೆಯ ಒಂಬತ್ತು ವರ್ಷಗಳ ಹಸ್ತಪ್ರತಿಗಳನ್ನು ಮಗಳು ನಾಶಪಡಿಸಿದರು.' ಆ ಒಂದು ಸಾಲು ಅಚ್ಚಾದರೆ ಆ ಹೆಂಗಸು ಸಾಯುವತನಕ, ಸತ್ತ ಮೇಲೂ, ತಾಯಿಯ ಬರಹ ಸುಟ್ಟ ಮಗಳು. "ಸ್ವಲ್ಪ ಯೋಚನೆ ಮಾಡಿ ಅಕ್ಕ" ಎಂದೆ. "ಕಳ್ಳರಿಗೆ ನೀನು ವಕೀಲ" ಎಂದರು.

ಅಚ್ಚಿಗೆ ಮುನ್ನ ಕರಡನ್ನು ಮನೆಯವರ ಕೈಗೇ ಕೊಟ್ಟು, ಅವರು ಓದುವಾಗ ಮುಖ ನೋಡುತ್ತ ಕೂರುವುದು ಅಕ್ಕನ ಪದ್ಧತಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲವಂತೆ. ಆ ಸಲ ನಾನೂ ಹೋದೆ. ಹೋಗಲು ಕಾರಣ, ನಿಜ ಹೇಳುತ್ತೇನೆ, ಆ ಮಗಳ ಪರವಾಗಿ ಅಲ್ಲಿ ಒಬ್ಬನಾದರೂ ಇರಲಿ ಎಂದು.

ಮಗಳು ಕಾಫಿ ತಂದಿಟ್ಟರು. ಟವಲಿಗೆ ಕೈ ಒರೆಸಿಕೊಂಡು ಕರಡು ತೆಗೆದುಕೊಂಡು, ನಿಂತೇ ಓದಿದರು. ಸುಮಾರು ಐವತ್ತೈದರ ಹೆಂಗಸು, ಗಟ್ಟಿಯಾದ ಮಣಿಕಟ್ಟು, ಮುಖದಲ್ಲಿ ಯಾವ ಲೇಖಕಿಯ ಕಳೆಯೂ ಇಲ್ಲ. ನಾಶಪಡಿಸಿದರು ಎಂಬ ಸಾಲು ಬರುವ ಹಾಳೆಯನ್ನು ಆಕೆ ತಿರುವಿದಾಗ ಅಕ್ಕ ಉಸಿರು ಬಿಗಿಹಿಡಿದಿದ್ದರು. ಆಕೆಯ ಹುಬ್ಬೂ ಅಲುಗಲಿಲ್ಲ. ಮುಂದಿನ ಹಾಳೆಯಲ್ಲಿ, ಕೊನೆಯ ಪುಸ್ತಕದಿಂದ ಅಕ್ಕ ಎತ್ತಿಕೊಂಡಿದ್ದ ಸಾಲುಗಳ ಬಳಿ ಬಂದು ನಿಂತರು. ಆ ಸಾಲುಗಳು ನನಗೆ ಬಾಯಿಪಾಠ: 'ಮುದುಕಿಯ ಬಲಗಿವಿಯ ಹಿಂದೆ, ಕೂದಲು ತೆಳುವಾದಲ್ಲಿ, ಅಕ್ಕಿಕಾಳಿನಷ್ಟು ಬಿಳಿಯ ಗಾಯದ ಗುರುತು. ಎಂಬತ್ತು ವರ್ಷ ಅದು ಯಾರ ಕಣ್ಣಿಗೂ ಬೀಳದೆ ತನ್ನ ಪಾಡಿಗೆ ತಾನಿತ್ತು.'

"ಇಲ್ಲೊಂದು ತಪ್ಪಿದೆ" ಎಂದರು ಮಗಳು. "ಬಲಗಿವಿ ಅಲ್ಲ, ಎಡಗಿವಿ."

ಕರಡು ತಿದ್ದುವವನಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ? "ಮೂರು ಸಲ ತಾಳೆ ನೋಡಿದ್ದೀನಮ್ಮ. ಪುಸ್ತಕದಲ್ಲಿ ಬಲಗಿವಿ ಅಂತಲೇ ಇದೆ" ಎಂದೆ.

"ಹೌದು, ಪುಸ್ತಕದಲ್ಲೇ ತಪ್ಪಾಗಿ ಅಚ್ಚಾಯ್ತು."

"ಯಾರು ಹೇಳಿದ್ದು?" ಎಂದರು ಅಕ್ಕ, ಅಭ್ಯಾಸಬಲದಿಂದ.

"ಯಾರು ಹೇಳಬೇಕು? ದಿನಾ ತಲೆ ಬಾಚ್ತಾ ಇದ್ದವಳು ನಾನೇ ಅಲ್ವಾ?"

ಅಕ್ಕ ಕಾಫಿಯ ಲೋಟವನ್ನು ಕೆಳಗಿಟ್ಟರು. "ಆ ಗಾಯ ಇದೆ ಅಂತ ನಿಮ್ಮ ಅಮ್ಮನಿಗೆ ಗೊತ್ತಿತ್ತಾ?"

"ಅವರಿಗೆಲ್ಲಿ ಗೊತ್ತು, ಪಾಪ! ಕೂದಲು ಉದುರಿದ ಮೇಲೆ ನನಗೇ ಕಂಡಿದ್ದು. ಅಷ್ಟೊತ್ತಿಗೆ ಅವರಿಗೆ ನಾನ್ಯಾರು ಅನ್ನೋದೇ..." ತಾನು ಏನು ಹೇಳಿದೆನೆಂಬುದು ಆಕೆಗೆ ತಿಳಿದುಹೋಗಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ತಲೆಯ ಹಿಂದಿನ ಗಾಯಕ್ಕೆ ಕನ್ನಡಿಯೂ ಸಾಲದು, ಹಿಂದೆ ಇನ್ನೊಬ್ಬರೇ ನಿಂತಿರಬೇಕು. ನಾವು ಊರೆಲ್ಲ ಹುಡುಕಿದ ಆ ಇನ್ನೊಬ್ಬರು ಟವಲು ಹಿಡಿದು ಎದುರಿಗೇ ನಿಂತಿದ್ದರು.

ಆಮೇಲೆ ಆಕೆ ಮೊದಲ ಸಲ ನಮ್ಮೆದುರು ಕುರ್ಚಿಯಲ್ಲಿ ಕುಳಿತರು. ತಾಯಿಗೆ ನೆನಪು ಹೋಗಿತ್ತು. ಮಗಳು ಮರೆತುಹೋಗಿದ್ದಳು, ಪುಸ್ತಕ ಮಾತ್ರ ಮರೆತಿರಲಿಲ್ಲ. "ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ಕೇಳ್ತಿದ್ರು, ನನ್ನ ಪುಸ್ತಕ ಎಲ್ಲಿಗೆ ಬಂತು ಅಂತ. ಇಲ್ಲ ಅಂದ್ರೆ ಅಳೋರು. ಅದಕ್ಕೇ ನಾನೇ ಬರೆಯೋಕೆ ಶುರು ಮಾಡಿದೆ. ಬರೆದಿದ್ದನ್ನ ಓದಿ ಹೇಳಿದ್ರೆ, ಚೆನ್ನಾಗಿ ಬರೆದಿದ್ದೀನಿ ಅಲ್ವಾ ಅನ್ನೋರು. ಹೌದಮ್ಮಾ, ಚೆನ್ನಾಗಿ ಬರೆದಿದ್ದೀರಿ ಅಂತಿದ್ದೆ." ಬೆರಳಚ್ಚು ಮಾಡಿ ಪ್ರಕಾಶಕರಿಗೆ ಕಳಿಸುತ್ತಿದ್ದರು, ಅಷ್ಟೆ. "ಅಮ್ಮಂದು ಒಂದು ಹಾಳೇನೂ ಸುಟ್ಟಿಲ್ಲ ಮೇಡಂ. ಸುಟ್ಟಿದ್ದೆಲ್ಲ ನಂದೇ."

ಅಕ್ಕನ ಕಣ್ಣಿನಲ್ಲಿ ಆಗಲೂ ಒಂದು ಕ್ಷಣ ಆ ಹಳೆಯ ಹೊಳಪು ಬಂದದ್ದನ್ನು ನಾನು ಕಂಡೆ: ಇವಳು ತಾಯಿಯ ಕೀರ್ತಿ ಕದಿಯುತ್ತಿರಬಹುದಲ್ಲ? ಆದರೆ ಕದಿಯುವವರು ಹೀಗೆ ಬೇಡುವುದಿಲ್ಲ. "ನಾನಿರೋ ತನಕ ಇದನ್ನ ಬರೀಬೇಡಿ. ಸುಟ್ಟವಳು ಅಂತ ಬೇಕಾದ್ರೆ ಬರೀರಿ, ಅದು ನನಗೆ ಪರವಾಗಿಲ್ಲ. ಕೊನೇ ಪುಸ್ತಕ ಅಮ್ಮಂದಲ್ಲ ಅಂತ ಮಾತ್ರ ಬೇಡ." ಆಕೆ ಕೈ ಮುಗಿದದ್ದನ್ನು ನೋಡಲಾರದೆ ನಾನು ಗೋಡೆ ನೋಡಿದೆ.

ಬರುವಾಗ ಅಕ್ಕ ಗೋಡೆಯ ಬದಿ ಬಿಟ್ಟು ಬೀದಿಯ ನಟ್ಟನಡುವೆ ನಡೆದರು. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ. ಅಕ್ಕ ಅತ್ತ ನೋಡಲೂ ಇಲ್ಲ. "ಆರು ಸಲ ಹೋಗಿದ್ದೆನಲ್ಲೋ ಕರಡಪ್ಪ. ಸುಟ್ಟಿರಬಹುದು ಅಂತ ಅನುಮಾನ ಬಂತು. ಬರೆದಿರಬಹುದು ಅಂತ ಅನುಮಾನಾನೇ ಬರಲಿಲ್ಲ." ಅಡಿಟಿಪ್ಪಣಿಯಲ್ಲಿ ಹೂತುಹೋಗಿದ್ದ ಆ ಹುಡುಗಿಯ ಧ್ವನಿ ಅದು ಎಂದು ನನಗೆ ಅನಿಸಿತು. ನಾನೂ ಬೀದಿಯ ನಡುವೆಯೇ ಜೊತೆಗೆ ನಡೆದೆ.

ಮರುದಿನ ಸುಟ್ಟ ಸಾಲು ಹೋಯಿತು. ಅದರ ಜಾಗದಲ್ಲಿ ಎರಡು ಚಿಕ್ಕ ವಾಕ್ಯಗಳು ಬಂದವು: 'ಕೊನೆಯ ಎರಡು ಪುಸ್ತಕಗಳ ಹಸ್ತಪ್ರತಿ ಲಭ್ಯವಿಲ್ಲ. ಆ ಒಂಬತ್ತು ವರ್ಷ ಇವರೊಡನೆ ಇದ್ದವರು ಮಗಳು.' ಬಲಗಿವಿ ಎಡಗಿವಿಯಾಯಿತು. ಆಮೇಲೆ ಅಕ್ಕ ಹೊಸ ಹಾಳೆ ತೆಗೆದು ನೆತ್ತಿಯಲ್ಲಿ ಮುನ್ನೂರಹದಿಮೂರು ಎಂದು ಬರೆದು, ಮಗಳ ಹೆಸರು ಬರೆದು, ಸೀಸದಕಡ್ಡಿಯನ್ನು ಕಚ್ಚುತ್ತ ಕುಳಿತರು. ಒಬ್ಬಳೇ ಹೇಳಿದ ಮಾತು. ಶಾಸ್ತ್ರದ ಪ್ರಕಾರ ಶಾಯಿ ಸಲ್ಲದು.

ತಟ್ಟನೆ ತಲೆ ಎತ್ತಿದರು. "ಕರಡಪ್ಪ, ಆ ಮಾತು ಕೇಳಿಸಿಕೊಂಡವರು ಎಷ್ಟು ಜನ?"

"ನಾವಿಬ್ಬರು."

"ನಿನಗೂ ನನಗೂ ಯಾವತ್ತಾದರೂ ಹೊಂದಿದೆಯಾ?"

"ಒಂದು ದಿನವೂ ಇಲ್ಲ ಅಕ್ಕ."

"ಹಾಗಾದರೆ ನೀನು ಕೇಳಿದ್ದನ್ನ ಆ ಮೂಲೇಲಿ ಕೂತು ಬೇರೆ ಬರಿ. ನನ್ನದನ್ನ ನೋಡಬೇಡ." ಬರೆದೆ. ತಾಳೆ ಹಾಕಿ ನೋಡಿದರು, ಭೂತಗನ್ನಡಿ ಹಿಡಿದು. ಆಮೇಲೆ ಒಳಜೇಬಿನ ಪೆನ್ನು ತೆಗೆದು ಪೂರ್ತಿ ಹಾಳೆ ಬರೆದರು. ಕೆಳಗೆ ಇಬ್ಬರೂ ಸಹಿ ಹಾಕಿದೆವು. ಆ ಮಗಳು ಇರುವತನಕ ಹೊರಬಾರದೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಆ ಸಂಭ್ರಮದಲ್ಲಿ ನಾನು ಕಿಟಕಿಯನ್ನು ಮುಚ್ಚಲು ಎದ್ದರೆ ಗದರಿಸಿದರು: "ತೆಗೆದೇ ಇರಲಿ! ನಾವಿಬ್ಬರೂ ರಾಜಿಯಾದ್ವಿ ಅಂತ ಯಾರಾದರೂ ಅಂದರೆ ಸಾಕ್ಷಿ ಬಿದ್ದುಹೋಗುತ್ತೆ. ನೀನು ತೆಗಿತಾ ಇರು, ನಾನು ಬೈತಾ ಇರ್ತೀನಿ." ಆಕೆ ನಿವೃತ್ತಿಯಾಗುವವರೆಗೆ ಆ ಧರ್ಮವನ್ನು ಇಬ್ಬರೂ ನಿಷ್ಠೆಯಿಂದ ಪಾಲಿಸಿದೆವು.

ಅಕ್ಕ ತೀರಿಕೊಂಡರು, ಅವರ ಹಿಂದೆಯೇ, ಎರಡು ವರ್ಷಕ್ಕೆ, ಆ ಮಗಳೂ ಹೋದರು. ಸಂಪುಟದ ಎರಡನೆಯ ಮುದ್ರಣದಲ್ಲಿ ಈಗ ಮುನ್ನೂರಹದಿಮೂರು ಮಂದಿ ಇದ್ದಾರೆ.

ಅನುಮಾನದ ಜನರನ್ನು ನಾವು ಒಣಮನಸ್ಸಿನವರೆಂದು ದೂರವಿಡುತ್ತೇವೆ. ಆದರೆ ಜಗತ್ತು ತೋರಿಸಿದ್ದಕ್ಕಿಂತ ಬಚ್ಚಿಟ್ಟದ್ದು ದೊಡ್ಡದು ಎಂಬ ಗಾಢವಾದ ನಂಬಿಕೆಯಿಲ್ಲದೆ ಯಾರೂ ಅಷ್ಟು ನಿಷ್ಠೆಯಿಂದ ಅನುಮಾನಪಡಲಾರರು. ಅವರು ಎಡವುವುದು ಅತಿಯಾಗಿ ಅನುಮಾನಿಸಿದಲ್ಲಿ ಅಲ್ಲ, ಅನುಮಾನಿಸಲು ಮರೆತಲ್ಲಿ. ಈಗ ಯಾರ ಮನೆಗೆ ಹೋದರೂ, ಕಾಫಿ ತಂದಿಟ್ಟು ಮಾತಿಲ್ಲದೆ ಬಾಗಿಲ ಬಳಿ ನಿಲ್ಲುವವರನ್ನು ಕಂಡರೆ ನಾನು ಲೋಟ ಮುಟ್ಟುವ ಮೊದಲು ಒಮ್ಮೆ ಅವರ ಬೆರಳುಗಳನ್ನು ನೋಡುತ್ತೇನೆ.